ಇಂಟರ್ವಲ್ಲಿನ ಲೆಕ್ಕ

ಗುರುವಾರ ಸಂಜೀಕ ಯಮನೂರ ಬರ್ತಾನ,
ಸೈಕಲ್ಲಿಗೆ ಅಂಟಿನ ಬಕೀಟು, ಬಗಲಾಗ ಸುರುಳಿ ಸುತ್ತಿದ ನಾಳಿನ ಹೀರೋ.
"ಅತ್ತಿ, ಈ ಸಲ ಎಷ್ಟು ಕಿಲೊ?" ಅಂತಾನ.
ಕಾರಟಗ್ಯಾಗ ಪಿಚ್ಚರಿನ ಭವಿಷ್ಯ ತಿಳಿಯಾಕ
ಪೇಪರ್ ಬ್ಯಾಡ, ಪಂಚಾಂಗ ಬ್ಯಾಡ,
ನಾ ಎಷ್ಟು ಮೆಣಸಿನಕಾಯಿ ತರ್ತೀನಿ ಅನ್ನೂದು ಕೇಳ್ತಾರ.

ಬಿಚ್ಚು ನೋಡೂಣು, ಅಂದೆ.
ಬಿಚ್ಚಿದ. ಹೀರೋ ಬೆನ್ನು ತೋರ್ಸ್ಯಾನ.
ಕೈಯಾಗ ಕೊಡ್ಲಿ, ಹೆಗಲ ಮ್ಯಾಲ ಧೂಳು,
ಮಾರಿ ಹೆಂಗೈತೋ ದೇವರಿಗೇ ಗೊತ್ತು.
ಯುಗಾದಿಗೆ ಅಂದ್ರು, ಬರಲಿಲ್ಲ.
ರಮ್ಜಾನಿಗೆ ಅಂದ್ರು.
ಮೊಹರಂ ಬಂತು, ಅಲಾಯಿ ಕುಣಿ ಮುಚ್ಚಿದ್ರು,
ಕಾಲವಿಗೆ ನೀರು ಬಿಟ್ರು, ನಾಟಿ ಮುಗೀತು,
ಇಂವ ಇನ್ನೂ ಬೆನ್ನು ತಿರುವಿಕೊಂಡ ನಿಂತಿದ್ದ.
ನಾಳಿ ತಿರುಗ್ತಾನಂತ.

ಇಪ್ಪತ್ತೆರಡು ವರ್ಷ ಆತು, ಚಾಂದ್ ಟಾಕೀಸಿನ ಗೇಟು, ಈ ಬಾಣಲಿ.
ಒಂದು ಪಿಚ್ಚರೂ ಪೂರಾ ನೋಡಿಲ್ಲ ನಾನು.
ನಾ ನೋಡೂದು ಇಂಟರ್ವಲ್ಲಿನ ಮಾರಿ.
ಬಾಗಿಲ ದೂಡಿಕೊಂಡು ಬೆಳಕಿಗೆ ಬರ್ತಾರಲ್ಲ,
ಕಣ್ಣು ಸಣ್ಣ ಮಾಡಿ, ತಾವು ಯಾರು ಅನ್ನೂದು ಅರ್ಧ ಮರ್ತು,
ಆವಾಗ ಗೊತ್ತಾಕ್ಕೈತಿ.
ಬಾಯಿ ಸುಟ್ರೂ ಮಾತಿಲ್ಲದ ತಿಂದ್ರಂದ್ರ ಮೂರು ವಾರ ಓಡ್ತೈತಿ.
"ಉಪ್ಪು ಕಡಿಮಿ ಆಗೈತಿ ಅಕ್ಕಾ" ಅಂದ್ರ
ಉಪ್ಪು ಸರಿ ಐತಿ, ಕಥಿ ಸಪ್ಪಗೈತಿ.
ತೆಲುಗಿಂದಾದ್ರ ಲೆಕ್ಕ ಬ್ಯಾರೆ, ಕ್ಯಾಂಪಿನ ಹುಡುಗರು
ಪಿಚ್ಚರ್ ಕೆಟ್ಟದ್ದಾದ್ರೂ ಸಿಟ್ಟಿಲೆ ಎರಡು ಪ್ಲೇಟು ತಿಂತಾರ.

ಒಮ್ಮೆ ಒಬ್ಬ ರೈಸ್‌ಮಿಲ್ಲಿನ ಹಮಾಲಿ, ಮೈತುಂಬ ತೌಡು,
ಒಗ್ಗರಣಿ ಪೊಟ್ಟಣ ಹಿಡಕೊಂಡು ಬೆಲ್ಲು ಹೊಡದ್ರೂ ಒಳಗ ಹೋಗಲಿಲ್ಲ.
ಬಾಗಿಲಿಗೆ ಬೆನ್ನು ಮಾಡಿ ನಿಂತ.
"ಅಕಿ ಸಾಯ್ತಾಳ ಅನ್ನಿಸ್ತೈತಿ, ನಾ ನೋಡಂಗಿಲ್ಲ" ಅಂದ.
ಅಕಿ ಸಾಯಲಿಲ್ಲ, ಆಮ್ಯಾಲ ಮಂದಿ ಹೇಳಿದ್ರು.
ಅವಗ ಹೇಳಬೇಕಂದ್ರ
ಮತ್ತ ಈ ಕಡೆ ಬರಲೇ ಇಲ್ಲ ಅಂವ.

ಈಗ ಮಾಲಕರ ಮಗ ವೀರೇಶ ಟೇಪು ಹಿಡಕೊಂಡು ಗ್ವಾಡಿ ಅಳೀತಾನ.
ಒಂದು ಟಾಕೀಸು ಒಡದು ಎರಡು ಮಾಡ್ತಾನಂತ,
ಸೋಫಾದಂಥ ಕುರ್ಚಿ, ತಣ್ಣನ ಗಾಳಿ, ಲೇಜರ್ ಬೆಳಕು.
ನಮ್ಮ ಮಂದಿ ಬಳ್ಳಾರಿಗೆ ಯಾಕ ಹೋಗಬೇಕು, ಅಂತಾನ.
ಖರೇ ಐತಿ. ಒಳಗಿನ ಬಾತ್‌ರೂಮು ನೋಡಿದವರು ಯಾರೂ ಸುಳ್ಳು ಅನ್ನಂಗಿಲ್ಲ.
ಆದ್ರ ಕಟ್ಟೂಕಿಂತ ಮದಲ ಬೋರ್ಡು ಬರಸ್ಯಾನ:
"ಹೊರಗಿನ ತಿಂಡಿಗೆ ಪ್ರವೇಶವಿಲ್ಲ."
ನಾ ಹೊರಗ ಅಂತ ನನಗ ಅವತ್ತ ಗೊತ್ತಾತು.

ಮೊಮ್ಮಗಳು ಭೂಮಿಕಾ ಫೋನಿನ್ಯಾಗ ನೋಡ್ತಾಳ.
ಬ್ಯಾಸರಾದ್ರ ಬಟ್ಟಿಲೆ ಮುಂದ ದಬ್ತಾಳ,
ಹಸಿವಾದ್ರ ನಿಲ್ಲಿಸಿ ಅಡಗಿಮನಿಗೆ ಬರ್ತಾಳ.
ಹೀರೋ ಎತ್ತಿದ ಕೊಡ್ಲಿ ಎತ್ತಿದಂಗ ಕಾಯ್ತಾನ, ಪಾಪ.
ಎಲ್ಲಿ ಬೇಕಲ್ಲಿ ಇಂಟರ್ವಲ್,
ಒಬ್ಬೊಬ್ಬರದು ಒಂದೊಂದು.
ನಾನೂರು ಮಂದಿ ಒಮ್ಮೆಲೆ ಎದ್ದು ಬಂದು
ಒಂದ ಬಾಣಲಿ ಸುತ್ತ ನಿಂತು
"ಮುಂದೇನಾಕ್ಕೈತಿ?" ಅಂತ ಗುರುತಿಲ್ಲದವರನ್ನ ಕೇಳೂದು
ಅದರಾಗ ಇಲ್ಲ ನೋಡ್ರಿ.

"ನಿನ್ನ ಹೊಸಾ ಟಾಕೀಸಿನ್ಯಾಗ ಇಂಟರ್ವಲ್ ಎಷ್ಟು ಹೊತ್ತು?"
ವೀರೇಶನ್ನ ಕೇಳೇ ಬಿಟ್ಟೆ.
ನಕ್ಕ. ಏಳು ನಿಮಿಷ, ಅಂದ.
ಏಳು ನಿಮಿಷಕ್ಕ ನನ್ನ ಎಣ್ಣಿ ಕಾಯಂಗಿಲ್ಲ.

"ಅತ್ತಿ, ಅಂಟು ಒಣಗಾಕ ಹತ್ತೈತಿ," ಯಮನೂರ ಅಂದ.
ಆರು ಕಿಲೊ, ಅಂದೆ. ಅವನ ಮಾರಿ ಇಳೀತು.
ಇದ ಬೆನ್ನನ್ನ ಮೂರು ಸಲ ಗ್ವಾಡಿಗೆ ಹಚ್ಚ್ಯಾನ ಅಂವ.
ಅಂವ ಹೋದ ಮ್ಯಾಗ ಮಾರ್ಕೆಟ್ಟಿಗೆ ನಡದೆ.
ದಾರ್ಯಾಗ ಕರೆಂಟಿನ ಕಂಬಕ್ಕ ಹಸಿ ಪೋಸ್ಟರು.
ಹೆಗಲ ಮ್ಯಾಲಿನ ಧೂಳು ನೋಡ್ಕೋತ ನಿಂತೆ ಒಂದೀಟು.
ಹನ್ನೊಂದು ಕಿಲೊ ತಂದೆ.

ಈಗ ರಾತ್ರಿ ಕುಂತು ಒಂದೊಂದ ಸೀಳತೀನಿ.
ಕೈಯೆಲ್ಲ ಉರೀ.
ನಾಳಿ ತನಕ ಕಣ್ಣು ಮುಟ್ಟಂಗಿಲ್ಲ.